ಕಮ್ಯುನಿಟಿ ಕಾಲೇಜು ನಮ್ಮೂರಿಗೆ ಎಷ್ಟು ದೂರ?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ನೆಂಟರೊಬ್ಬರು ಊರಿಗೆ ಬಂದಾಗ ಅಲ್ಲಿನ ಕಮ್ಯುನಿಟಿ ಕಾಲೇಜುಗಳ ವಿಷಯ ಹೇಳಿದರು. ಮನೆ ಹತ್ತಿರವೇ ಕಾಲೇಜು, ಕಡಿಮೆ ಫೀಸು, ಯಾವ ವಯಸ್ಸಿನವರು ಬೇಕಾದರೂ ಸೇರಿ ವೆಲ್ಡಿಂಗೋ ನರ್ಸಿಂಗೋ ಕಲಿತು ಕೆಲಸಕ್ಕೆ ಹೋಗಬಹುದಂತೆ. ನನ್ನ ಮಗ ಈ ಸಲ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಮಗಳು ಪಿಯುಸಿ ಮುಗಿಸಿ ಮನೆಯ ಮಗ್ಗದ ಕೆಲಸಕ್ಕೆ ಕೈಜೋಡಿಸಿದ್ದಾಳೆ. ಚಳ್ಳಕೆರೆ, ಮೊಳಕಾಲ್ಮೂರಿನಂಥ ಕಡೆ ಅಂಥ ಕಾಲೇಜು ಇದೆಯೇ? ಇಲ್ಲದಿದ್ದರೆ ನಮ್ಮಂಥವರ ಮಕ್ಕಳು ಎಲ್ಲಿ, ಏನು ಕಲಿಯಬೇಕು?
— ಓದುಗರೊಬ್ಬರು, ಮೊಳಕಾಲ್ಮೂರು ತಾಲ್ಲೂಕು

ಉತ್ತರ: ನೀವು ಕೇಳಿರುವುದು ನಿಮ್ಮೊಬ್ಬರ ಮನೆಯ ಪ್ರಶ್ನೆಯಲ್ಲ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಈ ಎರಡು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತದೆ. ನೇರವಾಗಿ ಹೇಳುವುದಾದರೆ, ಒಂದೇ ಸೂರಿನಡಿ ಎಲ್ಲವನ್ನೂ ಕಲಿಸುವ, ನಿಮ್ಮ ನೆಂಟರು ಹೇಳಿದಂಥ ಕಾಲೇಜನ್ನು ಇಲ್ಲಿ ಹುಡುಕುತ್ತಾ ಕೂರಬೇಡಿ. ಆದರೆ ಅಂಥ ಕಾಲೇಜು ಮಾಡುವ ಕೆಲಸಗಳಲ್ಲಿ ಬಹುಪಾಲು ಇಲ್ಲಿಯೇ, ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ, ಬೇರೆ ಬೇರೆ ಇಲಾಖೆಗಳ ಕೈಯಲ್ಲಿ ಹಂಚಿಹೋಗಿವೆ. ಐಟಿಐ ಒಂದು ಇಲಾಖೆಯದು, ನೇಕಾರಿಕೆಯ ತರಬೇತಿ ಇನ್ನೊಂದರದು, ಸ್ವಂತ ಉದ್ಯೋಗದ ತರಬೇತಿ ಬ್ಯಾಂಕಿನವರದು, ಬೇಸಾಯದ್ದು ಕೃಷಿ ವಿಜ್ಞಾನ ಕೇಂದ್ರದ್ದು. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನಿಮ್ಮ ಕೈಗೆ ಕೊಡುವವರು ಸಿಗುವುದಿಲ್ಲ ಎಂಬುದೇ ದೊಡ್ಡ ಕೊರತೆ. ಆ ಹಾಳೆಯನ್ನು ಇಲ್ಲಿ ಬರೆಯಲು ಪ್ರಯತ್ನಿಸುತ್ತೇನೆ.

ಮೊದಲು ಕಮ್ಯುನಿಟಿ ಕಾಲೇಜಿನ ವಿಷಯ. ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಶುರುವಾದ ಜೂನಿಯರ್ ಕಾಲೇಜನ್ನು ಅಲ್ಲಿನವರು ಈ ಪರಂಪರೆಯ ಹಿರಿಯ ಎಂದು ಎಣಿಸುತ್ತಾರೆ. ನಮ್ಮ ದೇಶಕ್ಕೆ ಈ ಹೆಸರು ಬಂದದ್ದು 1995ರಲ್ಲಿ, ಪುದುಚೇರಿ ವಿಶ್ವವಿದ್ಯಾಲಯದ ಮೂಲಕ. ಆಮೇಲೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) 2009ರಲ್ಲಿ, ಯುಜಿಸಿ 2013ರ ಹೊತ್ತಿಗೆ ಇದೇ ಹೆಸರಿನ ಯೋಜನೆಗಳನ್ನು ತಂದವು. ಈಗಾಗಲೇ ಇರುವ ಡಿಗ್ರಿ ಕಾಲೇಜು, ಪಾಲಿಟೆಕ್ನಿಕ್ಕುಗಳಲ್ಲೇ ಕೌಶಲದ ಸರ್ಟಿಫಿಕೇಟು, ಡಿಪ್ಲೊಮಾ ಕೊಡುವುದು ಯುಜಿಸಿಯ ಆಲೋಚನೆಯಾಗಿತ್ತು.

ಹೆಸರು ಏನಾದರೂ ಇರಲಿ, ಇಂಥ ಕಾಲೇಜು ಗೆಲ್ಲುವುದು ಮೂರು ಕಾರಣಕ್ಕೆ. ಒಂದು, ಅದು ಮನೆಗೆ ಹತ್ತಿರ ಇರುತ್ತದೆ. ರಾತ್ರಿ ಮನೆಯ ಊಟ ಮಾಡಿಕೊಂಡು ಕಲಿಯಬಹುದು. ಎರಡು, ಆ ಸೀಮೆಯಲ್ಲಿ ಯಾವ ಕೆಲಸವಿದೆಯೋ ಅದನ್ನೇ ಕಲಿಸುತ್ತದೆ. ಕೆಲಸ ಕೊಡುವವರು ಕಾಲೇಜಿನ ಜೊತೆ ಮಾತಿನಲ್ಲಿರುತ್ತಾರೆ. ಮೂರು, ಅಲ್ಲಿ ಕಲಿತದ್ದು ಕೊನೆಯ ಮೆಟ್ಟಿಲಾಗುವುದಿಲ್ಲ. ಬೇಕೆಂದಾಗ ಮುಂದಿನ ಓದಿಗೆ ದಾರಿ ತೆರೆದಿರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ನಿಮ್ಮ ಮಕ್ಕಳಿಗೆ ಏನನ್ನೇ ಆರಿಸುವಾಗಲೂ ಈ ಮೂರನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ದೂರ ಎಷ್ಟು? ಇಲ್ಲಿ ಅದಕ್ಕೆ ಕೆಲಸ ಇದೆಯೇ? ಅದರಿಂದಾಚೆಗೆ ದಾರಿ ಇದೆಯೇ?

ಮಗನ ವಿಷಯ

ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನಿಗೆ ಮೊದಲ ಬಾಗಿಲು ಐಟಿಐ. ಎರಡೂ ತಾಲ್ಲೂಕುಗಳಲ್ಲಿ ಐಟಿಐಗಳಿವೆ. ಸರ್ಕಾರಿ ಐಟಿಐನಲ್ಲಿ ಫೀಸು ಕೈಗೆಟುಕುವಷ್ಟೇ ಇರುತ್ತದೆ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷದ ಟ್ರೇಡುಗಳು. ವೆಲ್ಡರ್ ಒಂದು ವರ್ಷದ್ದು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವರಿಗೂ ಬಾಗಿಲು ಮುಚ್ಚಿಲ್ಲ. ವೆಲ್ಡರ್, ವೈರ್‌ಮನ್, ಹೊಲಿಗೆಯಂಥ ಟ್ರೇಡುಗಳಿಗೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ಇದು ಗೊತ್ತಿಲ್ಲದೆ ಎಷ್ಟೋ ಹುಡುಗರು ಒಂದು ಸಬ್ಜೆಕ್ಟಿನಲ್ಲಿ ನಪಾಸಾದ ತಕ್ಷಣ ಬೆಂಗಳೂರಿನ ಬಸ್ಸು ಹತ್ತುತ್ತಾರೆ.

ಯಾವ ಟ್ರೇಡು? ಗೆಳೆಯರು ಯಾವುದಕ್ಕೆ ಸೇರಿದರು ಎಂದು ನೋಡಬೇಡಿ, ನಿಮ್ಮ ಸುತ್ತ ಯಾವ ಕೆಲಸ ನಿಂತಿದೆ ಎಂದು ನೋಡಿ. ನಮ್ಮದು ಮಳೆ ಕಡಿಮೆ ಇರುವ ಸೀಮೆ. ಶೇಂಗಾ, ಈರುಳ್ಳಿ, ದಾಳಿಂಬೆ ಯಾವುದನ್ನೇ ಬೆಳೆದರೂ ಬೇಸಾಯದ ಜೀವ ಬೋರ್‌ವೆಲ್ಲಿನಲ್ಲಿದೆ. ಮೂರು ಫೇಸಿನಲ್ಲಿ ಒಂದು ಹೋದಾಗ ಮೋಟರ್ ಓಡುತ್ತಲೇ ಇದ್ದರೆ ವೈಂಡಿಂಗ್ ಸುಟ್ಟುಹೋಗುತ್ತದೆ. ಆಗ ರೈತ ಪಂಪನ್ನು ಮೇಲೆತ್ತಿಸಿ ಗಾಡಿಗೆ ಹಾಕಿಕೊಂಡು ಪಟ್ಟಣದ ವೈಂಡಿಂಗ್ ಅಂಗಡಿಗೆ ಓಡುತ್ತಾನೆ.

ಆ ಅಂಗಡಿಯ ಕೆಲಸವನ್ನು ಒಮ್ಮೆ ಹತ್ತಿರ ನಿಂತು ನೋಡಿ. ಸುಟ್ಟ ಸುರುಳಿಯನ್ನು ಕಿತ್ತು ಬಿಸಾಡುವ ಮುಂಚೆ ಒಂದೊಂದು ಸ್ಲಾಟಿನಲ್ಲಿ ತಂತಿ ಎಷ್ಟು ಸುತ್ತು ಇತ್ತು, ಯಾವ ಗೇಜಿನದು, ಸುರುಳಿಯ ತುದಿಗಳು ಎಲ್ಲೆಲ್ಲಿ ಕೂಡಿದ್ದವು ಎಂದು ಬರೆದಿಟ್ಟುಕೊಳ್ಳಬೇಕು. ನೀರಿನೊಳಗೆ ಓಡುವ ಸಬ್‌ಮರ್ಸಿಬಲ್ ಮೋಟರಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿಯೇ ಬೇಕು. ಸುತ್ತುವಾಗ ಆ ಹೊದಿಕೆ ಒಂದು ಕಡೆ ಗೀರಿದರೂ ನೀರಿಗೆ ಇಳಿಸಿದ ಮೇಲೆ ಕರೆಂಟು ಸೋರುತ್ತದೆ. ಎಲ್ಲ ಮುಗಿದ ಮೇಲೆ ಮೆಗ್ಗರ್ ಇಟ್ಟು ತಂತಿಗೂ ಮೋಟರಿನ ಮೈಗೂ ನಡುವೆ ಇನ್ಸುಲೇಷನ್ ಗಟ್ಟಿಯಾಗಿದೆಯೇ ಎಂದು ಅಳೆಯಬೇಕು. ಈ ಕೊನೆಯ ಕೆಲಸವನ್ನು ಅಂಗಡಿಯಲ್ಲಿ ಕೈನೋಡಿ ಕಲಿತ ಹುಡುಗ ಬಿಟ್ಟುಬಿಡಬಹುದು. ಐಟಿಐನಲ್ಲಿ ಓದಿದವನಿಗೆ ಅದು ಏಕೆ ಬೇಕು ಎಂಬುದೂ ಗೊತ್ತಿರುತ್ತದೆ. ಕೈಗೆ ಅಭ್ಯಾಸ, ತಲೆಗೆ ಕಾರಣ ಎರಡೂ ಸಿಗುವುದೇ ಒಳ್ಳೆಯ ತರಬೇತಿಯ ಗುರುತು. ರೈತನಿಗೆ ಇದರ ಬೆಲೆ ಗೊತ್ತು. ಬೆಳೆ ಒಣಗುವ ಹೊತ್ತಿನಲ್ಲಿ ಒಮ್ಮೆ ಸುತ್ತಿಸಿದ ಮೋಟರ್ ವಾರದಲ್ಲಿ ಮತ್ತೆ ಸುಟ್ಟರೆ ಅವನ ಆ ವರ್ಷದ ದುಡಿಮೆಯೇ ಹೋಗುತ್ತದೆ.

ಎಲೆಕ್ಟ್ರಿಷಿಯನ್ ಟ್ರೇಡು ಮುಗಿಸಿದವನಿಗೆ ಸೌರಶಕ್ತಿಯ ಕೆಲಸವೂ ದೂರವಲ್ಲ. ಚಳ್ಳಕೆರೆ ತಾಲ್ಲೂಕಿಗೆ ಅಂಟಿಕೊಂಡಿರುವ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ, ಸುಮಾರು 13,000 ಎಕರೆಯ ಸೋಲಾರ್ ಪಾರ್ಕ್ ಇದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಹೊಲಗಳಿಗೆ ಸೋಲಾರ್ ಪಂಪು ಬರುತ್ತಿದೆ. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2015ರಲ್ಲಿ ಶುರುಮಾಡಿದ ಸೂರ್ಯಮಿತ್ರ ತರಬೇತಿ ಇಂಥ ಐಟಿಐ ಪಾಸಾದವರಿಗಾಗಿಯೇ ರೂಪಿಸಿದ್ದು; ಸುಮಾರು ಮೂರು ತಿಂಗಳದು. ಎರಡು ವರ್ಷದ ಟ್ರೇಡಿನ ಮೇಲೆ ಈ ಮೂರು ತಿಂಗಳು ಸೇರಿದರೆ ಊರಿನಲ್ಲಿದ್ದುಕೊಂಡೇ ಮಾಡುವ ಕೆಲಸ ಕೈಯಲ್ಲಿರುತ್ತದೆ.

ಐಟಿಐಗೆ ಹೋದಾಗ ಇನ್ನೊಂದು ಮಾತು ವಿಚಾರಿಸಿ. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಕರ್ನಾಟಕ ಸರ್ಕಾರ 150 ಸರ್ಕಾರಿ ಐಟಿಐಗಳನ್ನು ಸುಮಾರು 4,600 ಕೋಟಿ ರೂಪಾಯಿ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿದೆ. 2022ರ ಜೂನ್‌ನಲ್ಲಿ ಅವು ಉದ್ಘಾಟನೆಯಾದವು. ಅಲ್ಲಿ ಸಿಎನ್‌ಸಿ ಯಂತ್ರ, ಕೈಗಾರಿಕಾ ರೋಬೋಟ್, ಎಲೆಕ್ಟ್ರಿಕ್ ವಾಹನ ದುರಸ್ತಿಯಂಥ ಹೊಸ ಟ್ರೇಡುಗಳಿವೆ. ನೀವು ಆರಿಸುವ ಐಟಿಐನಲ್ಲಿ ಅವು ನಡೆಯುತ್ತಿವೆಯೇ, ಯಂತ್ರದ ಮೇಲೆ ಹುಡುಗರು ಕೈಯಿಟ್ಟು ಕಲಿಯುತ್ತಾರೆಯೇ ಎಂದು ವರ್ಕ್‌ಶಾಪಿಗೇ ಹೋಗಿ ನೋಡಿ. ಯಂತ್ರದ ಮೇಲೆ ಹೊದಿಸಿದ ಪ್ಲಾಸ್ಟಿಕ್ ಇನ್ನೂ ಹಾಗೇ ಇದ್ದರೆ ಪ್ರಿನ್ಸಿಪಾಲರನ್ನು ಕೇಳಲು ಹಿಂಜರಿಯಬೇಡಿ. ಅದು ನಿಮ್ಮ ತೆರಿಗೆಯ ಹಣ, ನಿಮ್ಮ ಮಗನ ಎರಡು ವರ್ಷ.

ಐಟಿಐ ಆದಮೇಲೆ

ಐಟಿಐ ಅಂದರೆ ಓದು ಮುಗಿಯಿತು ಎಂದು ತಿಳಿಯುವವರು ಇನ್ನೂ ಇದ್ದಾರೆ. ಅದು ತಪ್ಪು ತಿಳಿವಳಿಕೆ. ಎರಡು ವರ್ಷದ ಐಟಿಐ ಮುಗಿಸಿದವರು ಪಾಲಿಟೆಕ್ನಿಕ್ಕಿನಲ್ಲಿ ನೇರ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರಿಗೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಚಳ್ಳಕೆರೆಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಸಾಧಾರಣ ಅಂಕ ತೆಗೆದ ಹುಡುಗ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಎಂಜಿನಿಯರ್ ಆಗಲು ಕಾನೂನಿನಲ್ಲಿ ಯಾವ ಅಡ್ಡಿಯೂ ಇಲ್ಲ; ನಡುವೆ ಕೆಲಸಕ್ಕೆ ಹೋಗಿ ದುಡ್ಡು ಕೂಡಿಸಿಕೊಂಡು ಮತ್ತೆ ಬರಲೂಬಹುದು.

ಇನ್ನೊಂದು ದಾರಿ ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆಗೆ 2019ರಲ್ಲಿ ಬಂದ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಸ್ಟೈಪೆಂಡ್ ಕೊಡಲೇಬೇಕು. ಇದು ದಾಕ್ಷಿಣ್ಯಕ್ಕೆ ಕೊಡುವುದಲ್ಲ, ಕಾನೂನು. ಐಟಿಐ ಮುಗಿಸಿದ ವರ್ಷವೇ ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ಮಗನ ಹೆಸರು ನೋಂದಾಯಿಸಿ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರುವರಿಯಲ್ಲಿ ಶುರುವಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ, ಬಳ್ಳಾರಿ ಕಡೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಎಲ್ಲವೂ ನಿಮ್ಮ ಕಡೆಯಿಂದ ಕೆಲವು ಗಂಟೆಯ ಹಾದಿ.

ಕೈಯಲ್ಲಿ ಕಸುಬು ಗಟ್ಟಿಯಾಗಿ ಇರಬೇಕೆಂದು ಬಯಸುವ ಹುಡುಗರು ಜಿಟಿಟಿಸಿಯನ್ನೂ ನೋಡಬೇಕು. 1972ರಲ್ಲಿ ಡೆನ್ಮಾರ್ಕ್ ಸಹಕಾರದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸರ್ಕಾರಿ ಸಂಸ್ಥೆಯ ಶಾಖೆಗಳು ಹರಿಹರ, ಹೊಸಪೇಟೆಯಲ್ಲಿವೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯೊಳಗೇ ತರಬೇತಿ. ಹೊರಗೆ ಹಾಸ್ಟೆಲಿನಲ್ಲಿ ಇರಿಸುವ ಶಕ್ತಿ ಇದ್ದರೆ ಅದು ಒಳ್ಳೆಯ ಆಯ್ಕೆ.

ಆದರೆ ಹೊಸಪೇಟೆ, ಬಳ್ಳಾರಿಗೆ ಕಳಿಸುವ ಮುಂಚೆ ಒಂದು ವಿಷಯ ತಿಳಿದಿರಲಿ. ಮೊಳಕಾಲ್ಮೂರಿಗೆ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ. ಆಂಧ್ರದ ರಾಯದುರ್ಗ ಇನ್ನೂ ಹತ್ತಿರ. ಸಂತೆ, ಆಸ್ಪತ್ರೆ, ನೆಂಟಸ್ತನ ಎಲ್ಲ ಆ ಕಡೆಗೇ. ಆದರೆ ಸಂವಿಧಾನದ 371(ಜೆ) ವಿಧಿ ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಅನ್ವಯಿಸುತ್ತದೆ, ಚಿತ್ರದುರ್ಗ ಜಿಲ್ಲೆಗೆ ಇಲ್ಲ. ಅಲ್ಲಿನ ಕಾಲೇಜುಗಳಲ್ಲಿ ಬಹುಪಾಲು ಸೀಟು ಆ ಭಾಗದ ಸ್ಥಳೀಯರಿಗೆ ಮೀಸಲು. ಗಡಿಯಿಂದ ಈಚೆಗಿರುವ ಮೊಳಕಾಲ್ಮೂರಿನ ಮಗು ಉಳಿದ ಸೀಟಿಗಷ್ಟೇ ಪೈಪೋಟಿ ಮಾಡಬೇಕು. ಅರ್ಜಿ ಹಾಕುವಾಗ ಇದನ್ನು ಲೆಕ್ಕಕ್ಕೆ ಇಟ್ಟುಕೊಂಡು ಚಳ್ಳಕೆರೆ, ಚಿತ್ರದುರ್ಗ, ಹರಿಹರವನ್ನೂ ಪಟ್ಟಿಯಲ್ಲಿ ಸೇರಿಸಿ.

ಕಾವಲಿನ ಒಳಗಿನ ಕೆಲಸ

ಚಳ್ಳಕೆರೆಯ ವಿಷಯ ಬಂದರೆ ಕುದಾಪುರ, ವರವು ಕಾವಲುಗಳ ಮಾತು ಆಡದೆ ಇರಲಾಗುವುದಿಲ್ಲ. ಅಮೃತಮಹಲ್ ದನಗಳು ಮೇಯುತ್ತಿದ್ದ, ಸುತ್ತಲ ಹಳ್ಳಿಗಳ ಕುರಿಗಳಿಗೆ ಹುಲ್ಲು ಕೊಡುತ್ತಿದ್ದ ಸುಮಾರು 10,000 ಎಕರೆ ಕಾವಲು ಭೂಮಿ 2010ರ ಆಸುಪಾಸಿನಲ್ಲಿ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ, ಇಸ್ರೊ ಮುಂತಾದವರಿಗೆ ಹೋಯಿತು. ಜನ ಹೋರಾಡಿದರು, ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. 2017ರ ಮೇ ತಿಂಗಳಲ್ಲಿ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರ ಬೆಳಿಗ್ಗೆ ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ಇಸ್ರೊದ ಮರುಬಳಕೆಯ ಉಡಾವಣಾ ವಾಹನ ತಾನಾಗಿಯೇ ದಾರಿ ಹಿಡಿದು ಅಲ್ಲಿನ ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಇನ್ನೂ ಕಠಿಣವಾದ ಪರೀಕ್ಷೆಗಳಲ್ಲೂ ಗೆದ್ದಿತು. ವಿಜ್ಞಾನ ಸಂಸ್ಥೆ ಕುದಾಪುರದ ತನ್ನ 1,500 ಎಕರೆ ಆವರಣದಲ್ಲಿ 2011ರಿಂದ ಪ್ರತಿಭಾ ಅಭಿವೃದ್ಧಿ ಕೇಂದ್ರ ನಡೆಸಿ ಪ್ರೌಢಶಾಲೆ, ಪಿಯು ಕಾಲೇಜಿನ ವಿಜ್ಞಾನ ಶಿಕ್ಷಕರಿಗೆ ಪ್ರಯೋಗ ಮಾಡಿ ಕಲಿಸುವುದನ್ನು ಕಲಿಸುತ್ತಿದೆ. ಅದು ನಿಜಕ್ಕೂ ದೊಡ್ಡ ಕೆಲಸ.

ಹುಲ್ಲುಗಾವಲು ಬಿಟ್ಟುಕೊಟ್ಟ ಹಳ್ಳಿಯ ಹುಡುಗನಿಗೆ ಆ ಸಂಸ್ಥೆಗಳ ಬೇಲಿಯೊಳಗೆ ತಂತ್ರಜ್ಞನಾಗಿ ಹೋಗುವ ದಾರಿ ಯಾವುದು? ದಾರಿ ಇದೆ, ಆದರೆ ಅದು ಊರಿನ ಹೆಸರು ಹೇಳಿ ಸಿಗುವುದಿಲ್ಲ. ಇಸ್ರೊದ ಟೆಕ್ನಿಷಿಯನ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಸಾಕು. ಡಿಆರ್‌ಡಿಒ ತನ್ನ ಟೆಕ್ನಿಷಿಯನ್ ಹುದ್ದೆಗಳಿಗೆ ಸೆಪ್ಟಾಮ್ ಎಂಬ ತನ್ನ ಕೇಂದ್ರದ ಮೂಲಕ ಪರೀಕ್ಷೆ ನಡೆಸುತ್ತದೆ. ಅಲ್ಲೂ ಹತ್ತನೇ ತರಗತಿ, ಐಟಿಐ. ಭಾಭಾ ಅಣುಶಕ್ತಿ ಕೇಂದ್ರ ಐಟಿಐ ಆದವರನ್ನು ಸ್ಟೈಪೆಂಡ್ ಕೊಟ್ಟು ತರಬೇತಿಗೆ ತೆಗೆದುಕೊಳ್ಳುತ್ತದೆ. ಇವೆಲ್ಲ ಅಖಿಲ ಭಾರತ ಮಟ್ಟದ ಪೈಪೋಟಿ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿರುವುದೇ ಹೆಚ್ಚು. ಕನ್ನಡ ಮಾಧ್ಯಮದಲ್ಲಿ ಓದಿದ ಚಳ್ಳಕೆರೆಯ ಹುಡುಗ ಕೆಲಸ ಬಲ್ಲವನಾಗಿದ್ದರೂ ಪರೀಕ್ಷೆಯ ಹಾಳೆಯ ಮುಂದೆ ಸೋಲಬಹುದು.

ಇಲ್ಲಿ ಒಂದು ಕಮ್ಯುನಿಟಿ ಕಾಲೇಜಿನ ಕೆಲಸ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಐಟಿಐ ಓದುವಾಗಲೇ ಸಂಜೆ ಹೊತ್ತು ವಾರಕ್ಕೆರಡು ದಿನ ತಾಂತ್ರಿಕ ಇಂಗ್ಲಿಷ್, ಗಣಿತ, ಹಳೆಯ ಪ್ರಶ್ನೆಪತ್ರಿಕೆಗಳ ಅಭ್ಯಾಸ ಮಾಡಿಸಿದರೆ ಐದಾರು ವರ್ಷಗಳಲ್ಲಿ ಬೇಲಿಯ ಒಳಗೆ ಸ್ಥಳೀಯ ಮುಖಗಳು ಕಾಣುತ್ತವೆ. ಭೂಮಿ ಪಡೆದ ಸಂಸ್ಥೆಗಳಿಗೆ ಇದಕ್ಕಾಗುವ ಖರ್ಚು ಹೊರೆಯಲ್ಲ. ಶಿಕ್ಷಕರಿಗೆ ಕಲಿಸುವ ಕೇಂದ್ರ ಕಟ್ಟಿದವರು ತಂತ್ರಜ್ಞರಿಗೂ ಒಂದು ಕೇಂದ್ರ ಕಟ್ಟಬಲ್ಲರು. ಕಾವಲು ಕಳೆದುಕೊಂಡ ಜನರಿಗೆ ಸಲ್ಲಬೇಕಾದದ್ದು ಇದು ಎಂದು ನಾನು ನಂಬಿದ್ದೇನೆ.

ಮಗಳ ವಿಷಯ

ನಿಮ್ಮ ಮಗಳು ಮನೆಯಲ್ಲಿ ಮಗ್ಗಕ್ಕೆ ಕೈಜೋಡಿಸಿದ್ದಾಳೆ ಎಂದು ಬರೆದಿದ್ದೀರಿ. ಅದನ್ನು ನೀವು ಓದು ನಿಂತ ಮೇಲಿನ ಕಾಲಕ್ಷೇಪದಂತೆ ಹೇಳಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಮೊಳಕಾಲ್ಮೂರು ರೇಷ್ಮೆ ಸೀರೆಯ ಅಂಚು ಒಡಲಿಗೆ ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಕುಂಕುಮ ಬಣ್ಣದ ಅಂಚು, ಹಸಿರು ಒಡಲು. ಒಂದರ ಬಣ್ಣ ಇನ್ನೊಂದಕ್ಕೆ ಎಳೆಯಷ್ಟೂ ಹರಿಯದೆ ನೇರ ಗೆರೆ ನಿಲ್ಲುತ್ತದೆ. ಎರಡು ಅಂಚಿಗೆ ಎರಡು ಲಾಳಿ, ಒಡಲಿಗೆ ಒಂದು. ಹೀಗೆ ಮೂರು ಲಾಳಿಯಲ್ಲಿ ಹೊಕ್ಕು ಹಾಕಿದರೆ ಮಾತ್ರ ಆ ಗೆರೆ ಬರುತ್ತದೆ. ಗುಂಡಿ ಮಗ್ಗದಲ್ಲಿ ಕೂತ ನೇಕಾರ ಒಂದು ಕಡೆ ಎಸೆದ ಲಾಳಿಯನ್ನು ಇನ್ನೊಂದು ಕಡೆ ಹಿಡಿದು ಕೊಡುವವರು ಬೇಕು. ಮನೆಯ ಹೆಣ್ಣುಮಕ್ಕಳು ಮಾಡುವ ಕೆಲಸ ಅದೇ. ಕಂಡಿಕೆ ಸುತ್ತುವುದು, ಹುರಿ ಸರಿ ಮಾಡುವುದು, ಹರಿದ ಎಳೆ ಕಟ್ಟುವುದೂ ಅವರ ಪಾಲಿಗೇ. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೆ ಆ ಸೀರೆ ನೇಯುವ ಕೈಗೆ ಹೆಚ್ಚಿನ ಮನೆಗಳಲ್ಲಿ ಒಂದು ಸರ್ಟಿಫಿಕೇಟೂ ಇರುವುದಿಲ್ಲ.

ಅದಕ್ಕೆ ಮೊದಲ ಹೆಜ್ಜೆ, ಮನೆಯಲ್ಲೇ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ. ಆರ್‌ಪಿಎಲ್ ಎಂದು ಅದನ್ನು ಕರೆಯುತ್ತಾರೆ. ಕೇಂದ್ರದ ಕೌಶಲ ಯೋಜನೆಯ ಭಾಗ. ಹೊಸದಾಗಿ ತಿಂಗಳುಗಟ್ಟಲೆ ಕಲಿಯಬೇಕಾಗಿಲ್ಲ. ಕೆಲವು ದಿನದ ಪರಿಚಯ ಪಾಠ, ಆಮೇಲೆ ಮಗ್ಗದ ಮೇಲೇ ಪರೀಕ್ಷೆ. ಕೈಮಗ್ಗ, ಜಕಾರ್ಡ್ ನೇಕಾರಿಕೆಗೂ ಅದರಲ್ಲಿ ಜಾಗವಿದೆ. ಎರಡನೆಯದು, ಜವಳಿ ಸಚಿವಾಲಯದ ಸಮರ್ಥ್ ಯೋಜನೆ. ಕೈಮಗ್ಗ, ರೇಷ್ಮೆ, ಸಿದ್ಧ ಉಡುಪು ಎಲ್ಲಕ್ಕೂ ಅದರಡಿ ತರಬೇತಿ ಇದೆ. ಬಣ್ಣ ಹಾಕುವುದು, ಹೊಸ ವಿನ್ಯಾಸ ಮೂಡಿಸುವುದನ್ನು ಕಲಿಯಲು ಬೆಂಗಳೂರಿನ ನೇಕಾರರ ಸೇವಾ ಕೇಂದ್ರ ಇದೆ. ಜಿಲ್ಲೆಯ ಕೈಮಗ್ಗ ಮತ್ತು ಜವಳಿ ಇಲಾಖೆಯ ಕಚೇರಿಯಲ್ಲಿ ಇವೆಲ್ಲಕ್ಕೂ ಹೆಸರು ಬರೆಸಬಹುದು. ಹೋಗುವಾಗ ನೇಕಾರರ ಗುರುತಿನ ಚೀಟಿ ಒಯ್ಯಿರಿ.

ಮಗಳಿಗೆ ಇನ್ನೂ ಓದುವ ಮನಸ್ಸಿದ್ದರೆ ಗದುಗಿನಲ್ಲಿ ಕೈಮಗ್ಗ ತಂತ್ರಜ್ಞಾನ ಸಂಸ್ಥೆ ಇದೆ. ಮೂರು ವರ್ಷದ ಡಿಪ್ಲೊಮಾ. ನೂಲು, ಬಣ್ಣ, ವಿನ್ಯಾಸ, ಜವಳಿ ಪರೀಕ್ಷೆ ಎಲ್ಲ ಕಲಿಸುತ್ತಾರೆ. ಮಗ್ಗದ ಮನೆಯಿಂದ ಬಂದ ಹುಡುಗಿಗೆ ಆ ಪಾಠ ಅರ್ಧಕ್ಕರ್ಧ ಮೊದಲೇ ಗೊತ್ತಿರುತ್ತದೆ. ಮನೆ ಬಿಡಲಾಗದಿದ್ದರೆ ಇಗ್ನೋದ ದೂರಶಿಕ್ಷಣದಲ್ಲಿ ಡಿಗ್ರಿ ಮಾಡಬಹುದು. ಕೈಮಗ್ಗ ನೇಕಾರರ ಕುಟುಂಬದ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಡತನ ರೇಖೆಗಿಂತ ಕೆಳಗಿನವರಿಗೆ ಇಗ್ನೋ ಮತ್ತು ಮುಕ್ತ ಶಾಲೆ ಎನ್‌ಐಒಎಸ್ ಫೀಸಿನ ಶೇ 75ರಷ್ಟನ್ನು ಜವಳಿ ಸಚಿವಾಲಯ ಭರಿಸುವ ವ್ಯವಸ್ಥೆ ಇದೆ. ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಇದು ಮನೆಮನೆಗೂ ಗೊತ್ತಾಗಬೇಕಾದ ವಿಷಯ.

ಮಗ್ಗ ಬೇಡ, ಬೇರೆ ಕೆಲಸ ಬೇಕು ಎಂದರೆ ಅದೂ ಅವಳ ಹಕ್ಕು. ರೇಷ್ಮೆ ಬೆಲೆ ಏರಿಳಿಯುವ ಕಾಲದಲ್ಲಿ ಮಗ್ಗ ನಂಬಿ ಕೂರಲು ಹಿಂಜರಿಯುವುದರಲ್ಲಿ ತಪ್ಪಿಲ್ಲ. ಆಗ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಯನ್ನು ನೋಡಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಕಟ್ಟಿದ ಮಾದರಿ ಇದು. ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದನ್ನೇ ನೋಡಿ ದೇಶದ ಜಿಲ್ಲೆ ಜಿಲ್ಲೆಗೂ ಇಂಥ ಸಂಸ್ಥೆಗಳನ್ನು ತಂದಿತು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಹೊಲಿಗೆ, ಬ್ಯೂಟಿ ಪಾರ್ಲರ್, ಹೈನುಗಾರಿಕೆ, ಮೊಬೈಲ್ ರಿಪೇರಿ, ಮೋಟರ್ ರೀವೈಂಡಿಂಗ್. ಹೆಚ್ಚಿನವು ಒಂದು ತಿಂಗಳ ಆಸುಪಾಸಿನವು. 18 ದಾಟಿದ ಹಳ್ಳಿಯ ಯುವಕ ಯುವತಿಯರು ಸೇರಬಹುದು. ನಾನು ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ತರಬೇತಿಯ ನಂತರದ ಭಾಗ. ಎರಡು ವರ್ಷದವರೆಗೆ ಅವರು ಕಲಿತವರ ಬೆನ್ನುಹಿಡಿದು ವಿಚಾರಿಸುತ್ತಾರೆ, ಬ್ಯಾಂಕ್ ಸಾಲಕ್ಕೆ ದಾರಿ ತೋರಿಸುತ್ತಾರೆ.

ಶೇಂಗಾ ಬೆಳೆವ ಮನೆಯವರಿಗೆ ಇನ್ನೊಂದು ಅವಕಾಶ. ಚಳ್ಳಕೆರೆ ಎಣ್ಣೆ ನಗರ ಎಂದು ಹೆಸರಾದದ್ದು ಶೇಂಗಾ ಮಿಲ್ಲುಗಳಿಂದ. ತಾಳೆ ಎಣ್ಣೆ ಅಗ್ಗದ ಬೆಲೆಗೆ ಆಮದಾಗತೊಡಗಿದ ಮೇಲೆ ಎಷ್ಟೋ ಮಿಲ್ಲು ನಿಂತವು. ಈಗ ಗಾಣದ ಎಣ್ಣೆ, ಶೇಂಗಾ ಚಿಕ್ಕಿ, ಚಟ್ನಿಪುಡಿಗೆ ಮತ್ತೆ ಗಿರಾಕಿಗಳಿದ್ದಾರೆ. ಕಿರು ಆಹಾರ ಉದ್ಯಮಗಳಿಗಾಗಿ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಚಿತ್ರದುರ್ಗ ಜಿಲ್ಲೆಗೆ ಆರಿಸಿದ ಬೆಳೆಯೇ ಶೇಂಗಾ. ಕೇಂದ್ರದ ಶೇ 35ರ ಸಹಾಯಧನಕ್ಕೆ ಕರ್ನಾಟಕ ಶೇ 15 ಸೇರಿಸಿ ಅರ್ಧದಷ್ಟು ಕೊಡುತ್ತದೆ. ಹಿರಿಯೂರು ಬಬ್ಬೂರು ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಂಥದಕ್ಕೆ ತರಬೇತಿ ಕೇಳಬಹುದು.

ಹೆಣ್ಣುಮಕ್ಕಳ ಓಡಾಟದ ವಿಷಯದಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಅವರಿಗೆ ಉಚಿತ. ತಳುಕಿನಿಂದಲೋ ನಾಯಕನಹಟ್ಟಿಯಿಂದಲೋ ಚಳ್ಳಕೆರೆಗೆ ದಿನವೂ ಹೋಗಿಬರುವ ಖರ್ಚು ಇಲ್ಲವಾಗಿದೆ. ಬಸ್ ಚಾರ್ಜಿಗೆ ಹಣವಿಲ್ಲ ಎಂಬ ಕಾರಣಕ್ಕೆ ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಕಾದ ಕಾಲ ಹೋಯಿತು. ಬಸ್ಸಿನ ವೇಳೆ ತರಗತಿಯ ವೇಳೆಗೆ ಹೊಂದದಿದ್ದರೆ ಡಿಪೊಗೆ ಊರವರೆಲ್ಲ ಸೇರಿ ಅರ್ಜಿ ಕೊಡಿ.

ಯಾವುದನ್ನು ನಂಬಬೇಕು?

ತರಬೇತಿಯ ಹೆಸರಿನಲ್ಲಿ ಹಣ ಕೀಳುವವರೂ ಇದ್ದಾರೆ. ನೂರಕ್ಕೆ ನೂರು ಕೆಲಸ ಗ್ಯಾರಂಟಿ ಎಂದು ಗೋಡೆಗೆ ಬರೆಸಿ ಮುಂಗಡ ಕೇಳುವವರಿಂದ ದೂರ ಇರಿ. ಸೇರಿಸುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ಸರಳ. ಕೊನೆಯಲ್ಲಿ ಕೊಡುವ ಸರ್ಟಿಫಿಕೇಟು ಯಾರದು? ಐಟಿಐ ಆದರೆ ಕೇಂದ್ರದ ಮಾನ್ಯತೆಯ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟೇ? ಸಂಸ್ಥೆಗೆ ಮಾನ್ಯತೆ ಇದ್ದರೂ ನೀವು ಸೇರುವ ಟ್ರೇಡಿಗೆ ಇದೆಯೇ? ಹೋದ ವರ್ಷ ಕಲಿತ ಮೂವರ ಹೆಸರು, ಊರು ಹೇಳುತ್ತಾರೆಯೇ, ಅವರು ಈಗ ಏನು ಮಾಡುತ್ತಿದ್ದಾರೆ? ಪ್ರಾಯೋಗಿಕ ತರಗತಿಗೆ ಬೇಕಾದ ಸಾಮಾನು ಸಂಸ್ಥೆಯೇ ಕೊಡುತ್ತದೆಯೇ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಸರ್ಟಿಫಿಕೇಟಿಗೆ ಬೆಲೆ ಬರುವುದು ಕೆಲಸ ಕೊಡುವವನು ಅದನ್ನು ಗುರುತಿಸಿದಾಗ. ಕರ್ನಾಟಕ ಈ ಪಾಠವನ್ನು ಹಿಂದೆಯೇ ಕಲಿತಿದೆ. 1970ರ ದಶಕದ ಕೊನೆಯಲ್ಲಿ ಪಿಯು ಮಟ್ಟದಲ್ಲಿ ಶುರುವಾದ ವೃತ್ತಿಪರ ಜೆಒಸಿ ಕೋರ್ಸುಗಳನ್ನು ನಿಮ್ಮ ವಯಸ್ಸಿನ ಎಷ್ಟೋ ಜನ ಓದಿದ್ದಾರೆ. ಆಲೋಚನೆ ಚೆನ್ನಾಗಿತ್ತು. ಆದರೆ ಕಾರ್ಖಾನೆಗಳ ಜೊತೆ ನಂಟು ಗಟ್ಟಿಯಾಗಲಿಲ್ಲ, ಮುಂದಿನ ಓದಿಗೆ ದಾರಿ ಅಗಲವಾಗಲಿಲ್ಲ. 2011ರ ಹೊತ್ತಿಗೆ ಅವು ಮುಚ್ಚಿಹೋದವು. ಕೆಲಸದ ನಂಟು, ಮೇಲಕ್ಕೆ ಹೋಗುವ ಮೆಟ್ಟಿಲು ಎರಡೂ ಇಲ್ಲದ ಕೋರ್ಸು ಬಹುಕಾಲ ಬದುಕುವುದಿಲ್ಲ. ಈಗ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅಪ್ರೆಂಟಿಸ್‌ಶಿಪ್ ಸೇರಿಸಿದ ಡಿಗ್ರಿ ಬರುತ್ತಿದೆ. ಚಳ್ಳಕೆರೆಯ ಎಚ್.ಪಿ.ಪಿ.ಸಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹೋದಾಗ ಅದನ್ನೂ ವಿಚಾರಿಸಿ.

ಕೊನೆಗೆ ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಬರುತ್ತೇನೆ: ಅಂಥ ಕಾಲೇಜು ನಮಗೆ ಬೇಡವೇ? ಬೇಕು, ಖಂಡಿತ ಬೇಕು. ಅದಕ್ಕೆ ಹೊಸ ಕಟ್ಟಡ ಮೊದಲ ಅಗತ್ಯವಲ್ಲ. ಐಟಿಐ ವರ್ಕ್‌ಶಾಪು ಸಂಜೆ ಖಾಲಿ ಇರುತ್ತದೆ. ದುಡಿಯುವ ವಯಸ್ಕರಿಗೆ ಅಲ್ಲೇ ಸಂಜೆ ತರಗತಿ ನಡೆಸಬಹುದು. ಮೊಳಕಾಲ್ಮೂರಿನಲ್ಲಿ ಹಿರಿಯ ನೇಕಾರರನ್ನೇ ಗೌರವಧನ ಕೊಟ್ಟು ಬೋಧಕರನ್ನಾಗಿ ಕೂರಿಸಬಹುದು. ತಾಲ್ಲೂಕು ಪಂಚಾಯ್ತಿ ಕಚೇರಿಯಲ್ಲಿ ಒಂದು ಮೇಜು, ಒಬ್ಬ ಸಲಹೆಗಾರ. ಐಟಿಐ, ಪಾಲಿಟೆಕ್ನಿಕ್, ಕೈಮಗ್ಗ, ರುಡ್‌ಸೆಟ್, ಅಪ್ರೆಂಟಿಸ್‌ಶಿಪ್ ಎಲ್ಲದರ ಅರ್ಜಿ, ಕೊನೆಯ ದಿನಾಂಕ, ಸೀಟಿನ ಲೆಕ್ಕ ಅಲ್ಲಿ ಸಿಗಬೇಕು. ಈ ಒಂದು ಮೇಜು ಬಂದರೆ ಕಮ್ಯುನಿಟಿ ಕಾಲೇಜಿನ ಅರ್ಧ ಕೆಲಸ ಆದಂತೆ.

ಇದನ್ನು ಕೇಳುವ ಜಾಗ ನಿಮ್ಮ ಗ್ರಾಮಸಭೆ. ರಸ್ತೆ, ಚರಂಡಿಯ ಜೊತೆಗೆ ಈ ಬೇಡಿಕೆಯನ್ನೂ ನಡಾವಳಿಯಲ್ಲಿ ಬರೆಸಿ, ಪ್ರತಿ ತೆಗೆದುಕೊಂಡು ತಾಲ್ಲೂಕು ಪಂಚಾಯ್ತಿಗೂ ಶಾಸಕರಿಗೂ ಕೊಡಿ. ಅದು ಬರುವವರೆಗೆ ನಿಮ್ಮ ಮಕ್ಕಳು ಕಾಯಬೇಕಾಗಿಲ್ಲ. ಐಟಿಐ ಪ್ರವೇಶದ ಅರ್ಜಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆನ್ನಿಗೇ ಶುರುವಾಗುತ್ತದೆ, ಕಿಟಕಿ ಬೇಗ ಮುಚ್ಚುತ್ತದೆ. ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರ ದೃಢೀಕರಣ ಇಷ್ಟನ್ನು ಈ ವಾರವೇ ಒಂದು ಕವರಿನಲ್ಲಿ ಜೋಡಿಸಿಡಿ. ಮಗನನ್ನು ಕರೆದುಕೊಂಡು ಐಟಿಐ ವರ್ಕ್‌ಶಾಪ್ ನೋಡಿ ಬನ್ನಿ. ಮಗಳ ಜೊತೆ ಕೈಮಗ್ಗ ಇಲಾಖೆಗೂ ರುಡ್‌ಸೆಟ್‌ಗೂ ಹೋಗಿ, ಅವಳಿಗೆ ಯಾವುದು ಇಷ್ಟ ಎಂದು ಅವಳೇ ಹೇಳಲಿ. ಇಬ್ಬರೂ ತಮ್ಮ ಕಣ್ಣಾರೆ ನೋಡಿ ಆರಿಸಿದ ಕಸುಬನ್ನು ಮನಸ್ಸಿಟ್ಟು ಕಲಿಯುತ್ತಾರೆ.